ವಾರ್ನಿಷ್ ಬಳಿದ ಬುಟ್ಟಿ

ಸುಮ್ಮನೆ ಕೂತರೆ ನನಗೆ ಕೈ ತುರಿಸುತ್ತದೆ. ಶಾಲೆಯಿಂದ ನಿವೃತ್ತಳಾದ ಮೇಲೆ ಘಟ್ಟದ ಬುಡದ ಕೈಕಸುಬುಗಳನ್ನು ಉಳಿಸುವ ಹುಚ್ಚು ಹತ್ತಿತು. ಬೈಂದೂರಿನ ಮೂಡಲಿಗೆ, ಕಾಡಂಚಿನಲ್ಲಿ ಬುಟ್ಟಿ ಹೆಣೆಯುವ ಅಕ್ಕ ಒಬ್ಬರನ್ನು ಹುಡುಕಿ ಹಿಡಿದೆ. ಕುಂದಾಪುರದಲ್ಲಿ ಒಂದು ವಾರ ಪ್ರದರ್ಶನ, ಮುಗಿದ ಮರುದಿನವೇ ಹೆಮ್ಮಾಡಿಯ ನಮ್ಮ ಮನೆ ಜಗಲಿಯಲ್ಲಿ ಹೆಣಿಗೆ ತರಗತಿ. ಎಲ್ಲ ನನ್ನದೇ ಯಜಮಾನಿಕೆ.

ಪ್ರದರ್ಶನಕ್ಕೆಂದು ಅಕ್ಕ ತನ್ನ ಅಮ್ಮ ಹೆಣೆದ ಕಾಡುಬಳ್ಳಿಯ ಹಳೇ ಬುಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಅದರ ಬುಡದ ಸುರುಳಿ ಹೆಣಿಗೆಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

"ಜೋಪಾನ ಟೀಚ್ರೇ, ಇಪ್ಪುದ್ ಇದೊಂದೇ."

ಜೋಪಾನವಂತೆ! ನನಗೆ ಹೇಳಬೇಕೆ? ಅಂಚಿಗೆ ಹುಳ ಹಿಡಿದದ್ದು ಕಂಡಿದ್ದೇ ತಡ, ಪೇಟೆಯಿಂದ ವಾರ್ನಿಷ್ ತಂದು ಒಳಗೂ ಹೊರಗೂ ಮೂರು ಸಲ ಬಳಿದೆ. ಬುಟ್ಟಿ ಫಳಫಳ ಹೊಳೆಯಿತು. ಪ್ರದರ್ಶನಕ್ಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿಹೋದೆ.

ತರಗತಿಯ ದಿನ ಅಕ್ಕ ಸೊಸೆಯ ಜೊತೆ ಬಂದರು. ಬುಟ್ಟಿ ಕೈಗೆ ಕೊಟ್ಟೆ. ಮೂಸಿದರು, ಉಗುರಿನಿಂದ ಬುಡ ಕೆರೆದರು. ಅಂಗಳದ ಬಾನಿಯ ನೀರಿನಲ್ಲಿ ಮುಳುಗಿಸಿ ಎತ್ತಿದರು. ನೀರು ಹನಿಹನಿಯಾಗಿ ಜಾರಿತೇ ಹೊರತು ಬಳ್ಳಿಗೆ ಇಳಿಯಲಿಲ್ಲ.

"ಎಂತ ಹಚ್ಚಿದ್ರಿ ಇದಕ್ಕೆ?"

"ವಾರ್ನಿಷ್ ಅಕ್ಕ! ಇನ್ ನೂರ್ ವರ್ಷ ಹಾಳಾತ್ತಿಲ್ಲೆ."

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. ಸೊಸೆಯೇ ಬಾಯಿಬಿಟ್ಟಳು: "ಈ ಬುಡ ಹೆಣೂದ್ ಬಿಟ್ಟ್ ಸುಮಾರ್ ವರ್ಷ ಆಯ್ತ್, ಅತ್ತೆಗೂ ಮರ್ತ್ ಹೋಯಿತ್ ಟೀಚ್ರೇ. ನೀರಗೆ ನೆನ್ಸಿ, ಒಂದೊಂದೇ ಎಳೆ ಬಿಚ್ಚಿ, ಕಂಡ್ಕಂಡ್ ತಿರ್ಗಿ ಹೆಣೂದ್. ಅವ್ರ್ ಅಮ್ಮ ಹಾಂಗೇ ಕಲ್ಸದ್. ಇವತ್ತ್ ನಂಗೆ ಕಲ್ಸೂದ್ ಅಂದಿದ್ರ್."

ಅಯ್ಯೋ ದೇವರೇ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ! ಬಚ್ಚಲಿಗೆ ಓಡಿ ಬಿಸಿನೀರು ತಂದು ಸುರಿದೆ. ಏನೂ ಆಗಲಿಲ್ಲ. ಸೊಸೆ ಕತ್ತಿಯ ಮೊನೆಯಿಂದ ಒಂದು ಎಳೆ ಎಬ್ಬಿಸಲು ನೋಡಿದಳು, ಅದು ಟಕ್ಕೆಂದು ಮುರಿಯಿತು. ಇನ್ನೊಂದೂ ಹಾಗೇ ಆಯಿತು. ಅಕ್ಕ ಅವಳ ಕೈ ಹಿಡಿದು ಸಾಕು ಅಂದರು.

ನಾಲ್ಕು ಜನರೆದುರು ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ತರಗತಿಗೆ ಬಂದವರಿಗೆಲ್ಲ ಮಾಮೂಲಿ ಚಪ್ಪಟೆ ಬುಡದ ಬುಟ್ಟಿ ಹೇಳಿಕೊಟ್ಟರು, ಚಹಾ ಕುಡಿದರು, ಎದ್ದರು. ಹೊರಡುವಾಗ ಹಳೇ ಬುಟ್ಟಿಯನ್ನು ಅವರ ಬಟ್ಟೆಯಲ್ಲೇ ಸುತ್ತಿ ಕೊಡಲು ಹೋದೆ. ಅಕ್ಕ ಬಟ್ಟೆಯನ್ನಷ್ಟೇ ಮಡಚಿಕೊಂಡರು.

"ಅದ್ ನೀವೇ ಇಟ್ಕಣಿ ಟೀಚ್ರೇ. ಇನ್ ಅದ್ ಬರೀ ಬುಟ್ಟಿ."