ವಿಮಲಕ್ಕ ತಂದ ಹುಲ್ಲಿನ ಗೊಂಬೆ

ಚಾಮರಾಜಪೇಟೆಯ ಮನೆಗಳಿಗೆ ಇನ್ನೂ ಹಿತ್ತಿಲು ಇದ್ದ ಕಾಲ. ನವರಾತ್ರಿ ಬಂತೆಂದರೆ ನಾವು ಹುಡುಗಿಯರು ಕುಂಟೆಬಿಲ್ಲೆ ಬಿಟ್ಟು, ಮನೆಮನೆಯ ಬಾಗಿಲಲ್ಲಿ ‘ಗೊಂಬೆ ಕೂರ್ಸಿದೀರಾ?’ ಎಂದು ಕೂಗಿ, ಕೊಟ್ಟ ಚರುಪನ್ನು ಲಂಗದ ಮಡಿಲಿಗೆ ಹಾಕಿಸಿಕೊಂಡು ಬರುತ್ತಿದ್ದೆವು. ಮೊದಲು ರವೆ ಉಂಡೆಯ ಮನೆಗೆ ಹೋಗಬೇಕು. ತಡವಾದರೆ ಉಂಡೆ ಖಾಲಿ, ಕಡಲೆಕಾಳು ಎಲ್ಲಿಗೂ ಓಡಿಹೋಗುವುದಿಲ್ಲ. ಆ ವ್ಯವಹಾರ ನನಗೆ ಆಗಲೇ ತಿಳಿದಿತ್ತು.

ಪಕ್ಕದ ಮನೆಯ ವಿಮಲಕ್ಕ ರಷ್ಯಾದ ಯಾರೊಸ್ಲಾವ್ಲ್ ಎಂಬ ಹಳೆಯ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಆ ವರ್ಷ ರಜೆಗೆ ಬಂದವಳು ಗೇಣುದ್ದದ ಹುಲ್ಲಿನ ಗೊಂಬೆಯೊಂದನ್ನು ತಂದಳು. ಅದಕ್ಕೆ ಉಡಿಸಿದ್ದು ಅವಳದೇ ಹಳೆಯ ಲಂಗದ ಚೂರು. ಮುಖವಿರಬೇಕಾದಲ್ಲಿ ಬರೀ ಬಿಳಿ ಬಟ್ಟೆ.

ಜಗಲಿಯಲ್ಲಿ ಕೂತು ಆ ಊರಿನ ಕಥೆ ಹೇಳುತ್ತಿದ್ದಳು. ಈರುಳ್ಳಿಯಂಥ ಗೋಪುರದ ಚರ್ಚುಗಳಂತೆ, ಜನ ಮೇಲೆಯೇ ನಡೆದುಹೋಗುವಷ್ಟು ಹೆಪ್ಪುಗಟ್ಟಿದ ನದಿಯಂತೆ. ಚಳಿ ಮುಗಿಯುವ ಹಬ್ಬಕ್ಕೆ ವಾರವಿಡೀ ದುಂಡನೆಯ ದೋಸೆಗೆ ಬೆಣ್ಣೆ ಸುರಿದು ತಿನ್ನುತ್ತಾರಂತೆ. ಕೊನೆಯ ದಿನ ಚೌಕದಲ್ಲಿ ಆಳೆತ್ತರದ ಹುಲ್ಲಿನ ಹೆಂಗಸನ್ನು ಸುಡುತ್ತ ಹಾಡುತ್ತಾರಂತೆ. ಮನೆಯೊಳಗೂ ಇಂಥದೊಂದು ಪುಟ್ಟ ಗೊಂಬೆ. ವರ್ಷದ ಕಾಯಿಲೆ ಕಸಾಲೆಯೆಲ್ಲ ಅದಕ್ಕೆ ಸೇರುತ್ತದೆ, ಮುಂದಿನ ಹಬ್ಬಕ್ಕೆ ಅದೂ ಬೆಂಕಿಗೆ.

‘ಮುಖ ಮಾತ್ರ ಬರೀಬಾರ್ದು ಕಣೇ.’

‘ಬರೆದ್ರೆ?’

‘ಯಾರಾದ್ರೂ ಬಂದು ಸೇರ್ಕೋತಾರಂತೆ.’

ನವರಾತ್ರಿಗೆ ಮುಂಚೆಯೇ ಅವಳು ವಾಪಸು ಹೊರಟಳು. ಗೊಂಬೆ ಕೂರಿಸುವ ದಿನ ಅವಳ ಅಜ್ಜಿ ಬೆರಳಿಗೆ ಕಾಡಿಗೆ ತೆಗೆದುಕೊಂಡರು.

‘ಪಟ್ಟದ ಗೊಂಬೆ ಪಕ್ಕ ಕಣ್ಣಿಲ್ಲದ್ದನ್ನ ಕೂರಿಸ್ಲಾ? ಪಾಪ, ಅಲ್ಲಿಯೋರಿಗೆ ಬರೆಯೋಕೆ ಪುರುಸೊತ್ತಾಗಿರಲ್ಲ.’

ವಿಮಲಕ್ಕ ಹೇಳಿದ್ದನ್ನು ನೆನಪಿಸಿದೆ. ‘ನಿಂದೊಂದು’ ಅಂದರು. ಎರಡು ಕಣ್ಣು, ಹುಬ್ಬು, ಗಲ್ಲಕ್ಕೊಂದು ದೃಷ್ಟಿಬೊಟ್ಟು. ಬರೆದು ಕೈ ತೆಗೆದಾಗ ನೋಡಿದರೆ, ವಿಮಲಕ್ಕನದೇ ಮುಖ. ಮೊಮ್ಮಗಳಿಗೆ ವರ್ಷಾನುಗಟ್ಟಲೆ ಕಾಡಿಗೆ ಹಚ್ಚಿದ ಬೆರಳಿಗೆ ಬೇರೆ ಕಣ್ಣು ಬರುವುದಾದರೂ ಹೇಗೆ ಎಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಆಗ ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

ಹಬ್ಬ ಮುಗಿದು ಉಳಿದ ಗೊಂಬೆಗಳು ಪೆಟ್ಟಿಗೆ ಸೇರಿದವು. ಇದು ಅಜ್ಜಿಯ ಹಾಸಿಗೆಯ ಪಕ್ಕದಲ್ಲೇ ಉಳಿಯಿತು. ಚಳಿ ಹೆಚ್ಚಿದಂತೆ ಅದಕ್ಕೊಂದು ಶಾಲು ಬಂತು. ‘ವಿಮ್ಮೀ, ಉಂಡ್ಯಾ?’ ಎಂದು ಕೇಳುವರು. ಸ್ವಲ್ಪ ತಡೆದು, ‘ಹ್ಞೂಂ, ಸರಿ ಹಾಗಾದ್ರೆ’ ಎನ್ನುವರು. ಆ ಕೋಣೆಯಲ್ಲಿ ಚೌಕಾಬಾರ ಆಡುವುದನ್ನು ನಾನು ಬಿಟ್ಟೆ.

ಓದು ಮುಗಿಸಿ ವಿಮಲಕ್ಕ ಬಂದದ್ದು ಕಾಮನ ಹುಣ್ಣಿಮೆಯ ದಿನ. ಗೊಂಬೆಯನ್ನು ನೋಡಿ ಬಾಗಿಲಲ್ಲೇ ನಿಂತಳು.

‘ಇದನ್ನ ಇವತ್ತೇ ಸುಡ್ಬೇಕು.’

‘ಸುಟ್ರೆ ನಮ್ಮ ವಿಮ್ಮಿಗೆ ಏನಾದ್ರೂ ಆಗ್ಬಿಟ್ರೆ?’ ಅಜ್ಜಿ ಅದನ್ನು ಎದೆಗವಚಿಕೊಂಡರು.

‘ವಿಮ್ಮಿ ನಾನಲ್ವಾ ಅಜ್ಜಿ? ಇಲ್ಲೇ ಇದೀನಲ್ಲ.’

ಅಜ್ಜಿ ಒಮ್ಮೆ ಅವಳನ್ನು, ಒಮ್ಮೆ ಗೊಂಬೆಯನ್ನು ನೋಡಿದರು. ಮುಖ ಅಳಿಸೋಣವೆಂದು ವಿಮಲಕ್ಕ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೂ ಗೊಂಬೆಯ ಕಾಡಿಗೆ ಹೋಗಲಿಲ್ಲ, ಕೆನ್ನೆಗೆ ಇಳಿಯಿತು, ಅಷ್ಟೆ.

ದೀಪ ಹಚ್ಚುವ ಹೊತ್ತಿಗೆ ಬೀದಿಯ ಕೊನೆಯಲ್ಲಿ ಹುಡುಗರು ಕಾಮನಿಗೆ ಬೆಂಕಿ ಇಟ್ಟರು. ವಿಮಲಕ್ಕ ಒಂದು ಕೈಯಲ್ಲಿ ಅಜ್ಜಿಯನ್ನು ಹಿಡಿದು, ಇನ್ನೊಂದು ಕೈಯಿಂದ ಗೊಂಬೆಯನ್ನು ಎಸೆದಳು. ಕಾವಿಗೆ ಹುಲ್ಲು ಮುರುಟುತ್ತದೆ, ನಿಜ. ಆದರೆ ಅದರ ಕತ್ತು ನಿಧಾನಕ್ಕೆ ನಮ್ಮ ಕಡೆಗೇ ತಿರುಗಿತು.

‘ಬಿಸಿ ತಾಗ್ತಿದೆಯೇನೇ?’ ಅಜ್ಜಿ ಮೊಮ್ಮಗಳ ಕೈ ಒತ್ತಿ ಕೇಳಿದರು.

‘ಇಲ್ಲ ಅಜ್ಜಿ. ಚಳಿಯಾಗ್ತಿದೆ.’

ಅಜ್ಜಿ ಥಟ್ಟನೆ ಕೈ ಬಿಟ್ಟರು.

ಮರುದಿನ ವಿಮಲಕ್ಕ ಕಾಫಿ ತಂದಾಗ ಅವರು ಸೆರಗು ಸರಿಮಾಡಿಕೊಂಡು ಎದ್ದು ಕೂತರು. ‘ನೀವ್ಯಾಕಮ್ಮಾ ತೊಂದ್ರೆ ತಗೊಂಡ್ರಿ? ಯಾರ ಮನೆಯವರು ನೀವು?’ ಸಾಯುವವರೆಗೂ ಆ ‘ನೀವು’ ಬಿಡಲಿಲ್ಲ. ವಯಸ್ಸಿನ ಮರೆವು ಎಂದರು. ಇರಬಹುದು. ಆದರೂ ಈಗ ನಾನು ನಡೆಸುವ ಹಳೆಯ ವಸ್ತುಗಳ ಅಂಗಡಿಗೆ ಬರುವವರಿಗೆ ಹೇಳುತ್ತಿರುತ್ತೇನೆ: ಹೊರಗಿನ ವಸ್ತು ಕೊಳ್ಳುವಾಗ ಚೌಕಾಸಿ ಆಮೇಲೆ ಮಾಡಿ, ಮೊದಲು ಅದರ ಕಟ್ಟುಪಾಡು ಕೇಳಿ.

ನಮ್ಮಿಬ್ಬರ ಮನೆಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಹಿತ್ತಿಲಲ್ಲಿ ಕಾರು. ವಿಮಲಕ್ಕನನ್ನು ಏಕವಚನದಲ್ಲಿ ಕರೆಯುವವರು ಆ ಬೀದಿಯವರಲ್ಲಿ ಬೇರೆ ಯಾರೂ ಉಳಿದಿಲ್ಲ, ನಾನೊಬ್ಬಳೇ. ಹೋದ ಚಳಿಗಾಲದಲ್ಲಿ ಸಂಪಿಗೆ ರಸ್ತೆಯ ನನ್ನ ಅಂಗಡಿಗೆ ಬಂದಳು, ತಲೆ ಪೂರ್ತಿ ಬೆಳ್ಳಗೆ. ‘ಬಾರೇ’ ಎನ್ನಲು ಬಾಯಿ ತೆರೆದೆ. ಹೊರಟದ್ದು, ‘ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ.’

ಬೇರೆ ಯಾರನ್ನೋ ಕರೆದೆನೇನೋ ಎಂಬಂತೆ ಅವಳು ಹಿಂದೆ ತಿರುಗಿ ನೋಡಿದಳು.