ಇಪ್ಪತ್ತೆಂಟನೆಯ ದಿನದ ಇಲಿಗಳು

ಸಂಶೋಧನಾಲಯದ ಇಲಿಮನೆಯಲ್ಲಿ ಹದಿನಾರು ವರ್ಷ ದುಡಿದ ಅವಳನ್ನು ಎಲ್ಲರೂ ಇಲಿಯಕ್ಕ ಎಂದೇ ಕರೆಯುತ್ತಿದ್ದರು. ಖಿನ್ನತೆಯ ಔಷಧವನ್ನು ನೀರಿಗೆ ಬೆರೆಸಿ ಇಲಿಗಳಿಗೆ ಕುಡಿಸುವುದು, ಇಪ್ಪತ್ತೆಂಟನೆಯ ದಿನ ಅವುಗಳ ಕುತ್ತಿಗೆಯನ್ನು ಅಲಗಿನ ಕೆಳಗಿಟ್ಟು ಹಿಡಿ ಒತ್ತುವುದು ಅವಳ ಕೆಲಸ. ಕಟಕ್ಕೆಂದರೆ ತಲೆ ತಟ್ಟೆಗೆ; ಮುಂಡ ಇನ್ನೂ ಕಾಲು ಜಾಡಿಸುತ್ತಿರುತ್ತಿತ್ತು. ಬುರುಡೆ ಒಡೆದು ಮಿದುಳು ತೆಗೆದುಕೊಟ್ಟರೆ, ಸಂಶೋಧನೆ ನಡೆಸುವ ಮೇಡಂ ಅದನ್ನು ತೆಳ್ಳಗೆ ಸೀಳಿ ಹೊಸ ಕೋಶಗಳೆಷ್ಟು ಹುಟ್ಟಿವೆ ಎಂದು ನೋಡುತ್ತಿದ್ದರು. ಔಷಧ ಕುಡಿದ ಇಲಿಗಳಲ್ಲಿ ಅವು ಹೆಚ್ಚಿರುತ್ತಿದ್ದವು.

ಮನೆಯಲ್ಲಿ ಉಪ್ಪು ಹೆಚ್ಚಾದರೂ ಏಟು, ಕಡಿಮೆಯಾದರೂ ಏಟು. ಹದಿನಾರನೆಯ ವರ್ಷ ಗಂಡ ಇಸ್ತ್ರಿಪೆಟ್ಟಿಗೆಯಿಂದ ಬಡಿದು ಅವಳ ದವಡೆ ಮುರಿದ. ಮೂಳೆ ಕೂಡಿಕೊಂಡಿತು, ಆದರೆ ಅನ್ನ ಸೇರದು, ನಿದ್ದೆ ಹತ್ತದು. ಒಂದು ಬೆಳಿಗ್ಗೆ ಇಲಿಯ ತಲೆಯ ಜೊತೆ ಅವಳ ಕಿರುಬೆರಳೂ ತಟ್ಟೆಗೆ ಬಿತ್ತು. ಅವಳು ಕೂಗಲಿಲ್ಲ. ಮುಂಡವನ್ನು ಹಿಡಿದುಕೊಂಡೇ ನಿಂತಿದ್ದಳು.

ಬೆರಳಿಗೆ ಪಟ್ಟಿ ಕಟ್ಟಿದ ಆಸ್ಪತ್ರೆಯಲ್ಲಿ, ಊಟ ನಿದ್ದೆ ಇಲ್ಲದ್ದು ಕೇಳಿ ಡಾಕ್ಟರು ಬರೆದುಕೊಟ್ಟದ್ದು ಇಲಿಗಳಿಗೆ ಕುಡಿಸುತ್ತಿದ್ದ ಅದೇ ಔಷಧದ ಮಾತ್ರೆ. ಹನ್ನೆರಡನೆಯ ದಿನ ಅದನ್ನು ತಂದು ಮೇಡಂ ಮೇಜಿನ ಮೇಲೆ ಎಸೆದಳು.

“ಏನೂ ಆಗ್ತಿಲ್ಲ ಮೇಡಂ.”

“ಹನ್ನೆರಡು ದಿನಕ್ಕೆ ಇಲಿಗೇ ಆಗಲ್ಲ, ನಿಮಗೆ ಗೊತ್ತಲ್ಲ ಅಕ್ಕಾ.”

“ಆಯ್ತೋ ಇಲ್ವೋ ಹೇಗೆ ತಿಳಿಯೋದು? ನನ್ನ ಬುರುಡೆನೂ ಒಡೆದು ನೋಡ್ತೀರಾ?”

ಮೇಡಂ ಮಾತ್ರೆಗಳನ್ನು ಎತ್ತಿ ಅವಳ ಕೈಗಿಟ್ಟರು. ಬೆಳೆದ ಮನುಷ್ಯರ ಮಿದುಳಲ್ಲಿ ಹೊಸ ಕೋಶ ಹುಟ್ಟುತ್ತವೋ ಇಲ್ಲವೋ ಎಂದು ಬಲ್ಲವರೇ ಇನ್ನೂ ಕಿತ್ತಾಡುತ್ತಿದ್ದಾರೆ, ಆದರೂ ಮಾತ್ರೆ ಬಿಡಬೇಡಿ ಎಂದರು.

ಐದನೆಯ ವಾರ ಒಂದು ಬೆಳಿಗ್ಗೆ ಅವಳಿಗೆ ಹಸಿವಾಯಿತು. ತಂಗಳನ್ನವನ್ನು ನಿಂತಲ್ಲೇ ಗಬಗಬನೆ ತಿಂದಳು. ತನಗಿಂತ ಮೊದಲು ಉಂಡಳೆಂದು ಗಂಡ ಬೆಲ್ಟು ಬಿಚ್ಚಿ ಬಂದ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಳ್ಳಹೋದಾಗ ಅವನ ಕೈ ಸಂದಿಯಲ್ಲಿ ಸಿಕ್ಕಿತು. ಮೈಭಾರವೆಲ್ಲ ಹಾಕಿ ಬಾಗಿಲು ನೂಕಿದಳು. ತುಸು ಸಡಿಲಿಸಿ ಮತ್ತೆ ನೂಕಿದಳು. ಮೂಳೆ ಮುರಿಯುವ ಸದ್ದು ಅವಳಿಗೆ ಹೊಸದಲ್ಲ.

“ಇನ್ನೊಂದು ಸಲ ಕೈ ಎತ್ತಿದ್ರೆ,” ಎಂದಳು, “ನಾನು ಏನು ಕೆಲಸ ಮಾಡ್ತೀನಿ ಅಂತ ಗೊತ್ತಲ್ಲ?”

ಪೊಲೀಸರಿಗೆ ಫೋನು ಮಾಡಿದವಳೂ ಅವಳೇ. ಅವರು ಗಂಡನನ್ನು ಹಿಡಿದೊಯ್ದರು; ಮುಂದೆ ದವಡೆಯ ಎಕ್ಸ್‌ರೇ ಸಾಕ್ಷಿಯಾಗಿ ಅವನಿಗೆ ಜೈಲೂ ಆಯಿತು. ಅವಳು ಅಂದೇ ತಂಗಿಯ ಮನೆ ಸೇರಿದಳು.

ಮುಂದಿನ ವಾರ ನಲವತ್ತು ಇಲಿಗಳ ಸರದಿ. ಇನ್ನು ನನ್ನಿಂದಾಗದು, ಅಲಗಿಗೆ ಬೇರೆಯವರನ್ನು ಹಾಕಿ ಎಂದು ಕೇಳಿಕೊಂಡಳು, ಯಾರೂ ಇಲ್ಲವೆಂದರು. ನಲವತ್ತನ್ನೂ ಮುಗಿಸಿ, ರಕ್ತ ತೊಳೆಯುವ ತೊಟ್ಟಿಯ ಮೇಲೆ ಬಗ್ಗಿ ಬಿಕ್ಕಿಬಿಕ್ಕಿ ಅತ್ತಳು. ಬೆರಳು ಹೋದಾಗಲೂ ಅತ್ತವಳಲ್ಲ; ಹಸಿವಿನ ಹಿಂದೆಯೇ ಅಳುವೂ ಮರಳಿತ್ತು. ಮರುದಿನವೇ ಅರ್ಜಿ ಕೊಟ್ಟು ಇಲಿಗಳ ಮೇವಿನ ಕೋಣೆಗೆ ವರ್ಗ ಮಾಡಿಸಿಕೊಂಡಳು. ನಿವೃತ್ತಿಯವರೆಗೂ ಅಲ್ಲೇ ಇದ್ದಳು.