ದಿಲಾವರ್ ಸಾಹೇಬರು ಮುಚ್ಚಿಟ್ಟ ಮುಖಗಳು

ಸನೋಬರ್‌ಗೆ ಆ ಮಶೀನು ಕಂಡರೆ ಮೈ ಉರಿಯುತ್ತಿತ್ತು. ಉರಿಯದೆ ಇನ್ನೇನಾದೀತು? ಹತ್ತು ತಿಂಗಳ ಮಹೇಕ್ ಮಲಗುವ ಕೋಣೆಯಲ್ಲಿ, ತೊಟ್ಟಿಲಿಗೆ ಮೂರೇ ಅಡಿ ದೂರದಲ್ಲಿ, ಮೊಣಕಾಲೆತ್ತರದ ಕರಿ ಪೆಟ್ಟಿಗೆಯೊಂದು ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತ, ಹಿಂಬದಿಯಿಂದ ಬಿಸಿಗಾಳಿ ಉಗುಳುತ್ತ ಕೂತಿತ್ತು. ಹದಿನೈದು ವರ್ಷದಿಂದ ಅಲ್ಲೇ ಕೂತಿತ್ತಂತೆ. ಕೂಸಿಗೆ ಮೊದಲೇ ಉಬ್ಬಸ. ಅದರ ಮೇಲೆ ಈ ಧೂಳು, ಈ ಕಾವು, ಈ ಸದ್ದು! ಬೆಂಗಳೂರಿನಲ್ಲಿ ಓದಿ ಹೊಸದುರ್ಗದ ಮನೆಗೆ ಸೊಸೆಯಾಗಿ ಬಂದ ಸನೋಬರ್ ಬೇರೆಲ್ಲದಕ್ಕೂ ಹೊಂದಿಕೊಂಡಿದ್ದಳು. ಇದೊಂದಕ್ಕೆ ಮಾತ್ರ ಆಗಲಿಲ್ಲ.

ಪೆಟ್ಟಿಗೆ ಮಾವ ದಿಲಾವರ್ ಸಾಹೇಬರದು, ಅವರು ತೆಗೆದ ಫೋಟೋಗಳನ್ನೆಲ್ಲ ಕೂಡಿಟ್ಟ ಕಂಪ್ಯೂಟರು. ಅವರ ಅಪ್ಪ, ಅಜ್ಜ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂದು ಕಲಾಯಿ ಕೇಳುವವರೇ ಇಲ್ಲವಾದಾಗ ಇಪ್ಪತ್ತೆರಡರ ದಿಲಾವರ್ ತಿದಿ ಮಾರಿ ಕ್ಯಾಮೆರಾ ತಂದಿದ್ದರು. ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು, ಅದೂ ಕೈಕೊಟ್ಟ ದಿನ ಬಸ್ಸು. ಹೊಳಲ್ಕೆರೆ, ಹಿರಿಯೂರು, ತುರುವನೂರು ಅಂತ ಅವರು ಕಾಲಿಡದ ಮದುವೆ ಚಪ್ಪರವಿರಲಿಲ್ಲ. ರೀಲಿನ ಕಾಲದ ನೆಗೆಟಿವ್‌ಗಳನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿ ಆ ಪೆಟ್ಟಿಗೆಗೆ ತುಂಬಿದ್ದರು. ನಲವತ್ತು ವರ್ಷದ ಮದುವೆಗಳು ಅದರ ಹೊಟ್ಟೆಯಲ್ಲಿದ್ದವು. ಮನೆಯ ಮುಂಭಾಗದಲ್ಲಿದ್ದ ಅವರ ಸ್ಟುಡಿಯೋದ ಕಂಪ್ಯೂಟರಿಗೂ, ಪಕ್ಕದ ಲಕ್ಷ್ಮೀಕಾಂತನ ಫ್ಲೆಕ್ಸ್ ಅಂಗಡಿಗೂ ಅದರಿಂದಲೇ ವೈರು ಹೋಗಿತ್ತು. ಊರಲ್ಲಿ ಯಾರೇ ಸತ್ತರೂ ಲಕ್ಷ್ಮೀಕಾಂತ ಅಲ್ಲಿಂದ ಫೋಟೋ ಎಳೆದುಕೊಂಡು ಆಳೆತ್ತರದ ಫ್ಲೆಕ್ಸು ಹೊಡೆಯುತ್ತಿದ್ದ. ಕರೆಂಟು ಇವರದು, ಕಾವು ಇವರ ಕೂಸಿಗೆ!

"ಸತ್ತೋರ ಫೋಟೋಗೆ ನಾನು ಏನೂ ಇಸ್ಕಳಲ್ಲ ಬೇಟಿ, ಮೊದಲಿಂದ ಹಂಗೇ" ಅನ್ನುತ್ತಿದ್ದರು ಸಾಹೇಬರು. ಅದಕ್ಕೆ ಸನೋಬರ್‌ಳ ತಕರಾರಿರಲಿಲ್ಲ. ಆದರೆ ಆ ಮಶೀನನ್ನು ಒಂದು ಗಳಿಗೆಯೂ ಆರಿಸುವಂತಿಲ್ಲ ಅನ್ನುತ್ತಿದ್ದರಲ್ಲ, ಅದು! ಒಂದು ಸಲ ಆರಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯ ಅವರಿಗೆ. ಹಾಗಾಗಿ ಕರೆಂಟು ಹೋದಾಗ ಇನ್ವರ್ಟರಿನ ಮೊದಲ ಹಕ್ಕು ಮಶೀನಿನದು, ಉಳಿದದ್ದು ಮನುಷ್ಯರದು.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಎರಡಕ್ಕೆ ಹೋದ ಕರೆಂಟು ಐದಾದರೂ ಬರಲಿಲ್ಲ. ಮಹೇಕ್‌ಳ ಎದೆ ಸಿಳ್ಳೆ ಹೊಡೆಯುತ್ತಿತ್ತು. ಸನೋಬರ್ ಔಷಧಿಯ ಆವಿ ಕೊಡುವ ನೆಬ್ಯುಲೈಜರ್ ಹಚ್ಚಿ, ಮಗುವಿನ ಮೂಗಿಗೆ ಮಾಸ್ಕು ಹಿಡಿದು ಇನ್ನೂ ಎರಡು ನಿಮಿಷವಾಗಿರಲಿಲ್ಲ, ಇನ್ವರ್ಟರು ಕುಂಯ್ ಎಂದು ಸತ್ತಿತು. ನೆಬ್ಯುಲೈಜರ್ ನಿಂತಿತು. ಮಶೀನೂ ನಿಂತಿತು. ಸಾಹೇಬರು ಓಡಿಬಂದರು. ಬಂದವರು ಮೊದಲು ನೋಡಿದ್ದು ಮಶೀನಿನ ಕಡೆಗೆ.

"ಅಬ್ಬಾ! ಮಗು ಇಲ್ಲಿದೆ!" ಎಂದು ಸನೋಬರ್ ಮಾವನನ್ನು ಕೂಗಿ ಕಿರುಚಿದಳು.

ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ ಬಂದದ್ದಾಯಿತು. ಮಶೀನು ಆ ದಿನ ಮೂರನೆಯ ಏಟಿಗೆ ಎದ್ದಿತು. ಆದರೆ ಮಾವ ಮೊದಲು ಎತ್ತ ನೋಡಿದರು ಎಂಬುದು ಸೊಸೆಯ ಗಂಟಲಲ್ಲಿ ಮುಳ್ಳಾಗಿ ಉಳಿಯಿತು.

ಗಂಡ ಫರಾಜ್ ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ರಿಪೇರಿಗೆ ಹೋಗುವವನು. ಊರಿಗೆಲ್ಲ ಕರೆಂಟು ಕೊಡುವ ಕೆಲಸ ಇವನದು, ಇವನ ಮಗಳಿಗೆ ಮಾತ್ರ ಎರಡು ನಿಮಿಷದ ಕರೆಂಟಿಲ್ಲ ಎಂದು ಸನೋಬರ್ ಅಂದದ್ದಕ್ಕೆ ಅವನು ಕೆಲಸದ ಜಾಗದಿಂದ ಕರೆಂಟು ಅಳೆಯುವ ಮೀಟರು ತಂದು ಮಶೀನಿಗೆ ಹಚ್ಚಿದ. ಮಶೀನು ನೂರಾ ಎಂಬತ್ತು ವ್ಯಾಟ್ ನುಂಗುತ್ತಿತ್ತು, ಇಪ್ಪತ್ತನಾಲ್ಕು ಗಂಟೆಯೂ. ಸನೋಬರ್ ವಾರವಿಡೀ ಮೊಬೈಲಿನಲ್ಲಿ ಹುಡುಕಿ ಅಂಗೈಯಗಲದ ಪುಟ್ಟ ಕಂಪ್ಯೂಟರೊಂದನ್ನೂ ಒಂದು ದೊಡ್ಡ ಡಿಸ್ಕನ್ನೂ ತರಿಸಿದಳು. ಬೆಲ್ಲದ ಅಚ್ಚಿನಷ್ಟು ಗಾತ್ರ. ಫ್ಯಾನಿಲ್ಲ, ಸದ್ದಿಲ್ಲ. ಮೀಟರಿನಲ್ಲಿ ಹತ್ತು ವ್ಯಾಟ್.

ಸಾಹೇಬರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟ್ರಾಗೆ ಇಡೀ ಊರು ಹಿಡಿತೈತಾ?"

"ಹಿಡಿಯುತ್ತೆ."

"ಹೋದ್ರೆ ಮತ್ತೆ ಸಿಗಲ್ಲ ಬೇಟಿ. ಆ ಮದುವೆಗಳು ಇನ್ನೊಂದ್ಸಲ ಆಗಲ್ಲ."

"ಒಂದು ಫೋಟೋನೂ ಹೋಗಲ್ಲ ಅಬ್ಬಾ. ನಾನು ಮಾತು ಕೊಡ್ತೀನಿ." ಇಷ್ಟು ದೊಡ್ಡ ಮಾತು ಕೊಡಬಾರದಿತ್ತು ಎಂದು ಹೇಳಿದ ಕೂಡಲೇ ಅನ್ನಿಸಿತು. ಆದರೆ ಹೇಳಿಯಾಗಿತ್ತು.

ನಾಲ್ಕು ದಿನ ನಕಲು ನಡೆಯಿತು. ಹಳೆಯ ಮಶೀನಿನ ಒಂದೊಂದೇ ಡಿಸ್ಕು ತೆರೆದು, ಕಂಡದ್ದನ್ನೆಲ್ಲ ಆರಿಸಿ, ಹೊಸದಕ್ಕೆ ಎಳೆದು ಹಾಕಿದಳು. ಮಗುವಿಗೆ ರಾಗಿ ಸರಿ ತಿನ್ನಿಸುತ್ತ ನೋಡಿದಳು, ಬಟ್ಟೆ ಒಣಹಾಕಿ ಬಂದು ನೋಡಿದಳು. ಮುಗಿದ ಮೇಲೆ ಎಣಿಕೆ ತಾಳೆ ಹಾಕಿದಳು, ಒಂದಲ್ಲ, ಮೂರು ಸಲ. ಫೋಟೋಗಳ ಲೆಕ್ಕ ಸರಿಯಾಗಿತ್ತು. ಒಂದು ಡಿಸ್ಕಿನಲ್ಲಿ ಮಾತ್ರ ತುಂಬಿದ ಜಾಗಕ್ಕೂ ನಕಲಾದ ಗಾತ್ರಕ್ಕೂ ಸ್ವಲ್ಪ ವ್ಯತ್ಯಾಸ ಬಂತು. ಮಶೀನೇ ಇಟ್ಟುಕೊಂಡ ಕಸವಿರಬೇಕು ಅಂದುಕೊಂಡಳು. ಸಾಹೇಬರು ಎರಡು ಮೂರು ಸಲ ಬಾಗಿಲಿಗೆ ಬಂದು ನಿಂತು, "ಎಲ್ಲಾ ಬಂತಾ? ಎಲ್ಲಾ?" ಎಂದು ಕೇಳಿ, ಇನ್ನೇನೋ ಹೇಳಲು ಬಾಯಿ ತೆರೆದು, ಹೇಳದೆ ಹೋಗಿದ್ದರು.

ಐದನೆಯ ದಿನ ಗುಜರಿ ಗಾಡಿ ಬೀದಿಗೆ ಬಂತು. ಸನೋಬರ್ ಹಳೆಯ ಮಶೀನನ್ನು ತಾನೇ ಎಳೆದು ತಂದು ಗಾಡಿಗೆ ಹಾಕಿಸಿದಳು. ಕೋಣೆ ತಣ್ಣಗಾಯಿತು. ತೊಟ್ಟಿಲಲ್ಲಿ ಮಗು ಉಸಿರಾಡುವುದು ಮೊದಲ ಬಾರಿ ಕೇಳಿಸಿತು.

ಅದಾದ ಎರಡನೆಯ ದಿನ ಬೆಳಿಗ್ಗೆ ಜವನಗೊಂಡನಹಳ್ಳಿಯ ಗೋವಿಂದಯ್ಯ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಹೆಗಲ ಮೇಲೆ ಟವಲು, ಗಡ್ಡ ಬಿಟ್ಟ ಮುಖ. ಹಿಂದಿನ ದಿನ ಹೆಂಡತಿ ಮಲ್ಲಕ್ಕನ ಮಣ್ಣಾಗಿತ್ತು. ನಾಳೆ ಮೂರನೆಯ ದಿನದ ಹಾಲು ತುಪ್ಪದ ಶಾಸ್ತ್ರ, ಅಷ್ಟರೊಳಗೆ ಒಂದು ಫೋಟೋಗೆ ಕಟ್ಟು ಹಾಕಿಸಬೇಕಿತ್ತು.

"ಮನಿಯಾಗೆ ಒಂದೂ ಇಲ್ಲ ಸಾಹೇಬ್ರೆ" ಅಂದರು ಗೋವಿಂದಯ್ಯ. "ಮಗಳ ಮದುವಿ ಆಲ್ಬಮ್ ಎಲ್ಲಾ ತಿರುವಿ ಹಾಕಿದ್ವಿ. ಒಂದ್ರಾಗೆ ಬೆನ್ನು, ಒಂದ್ರಾಗೆ ಅರ್ಧ ಮಕ, ಒಂದ್ರಾಗೆ ಬರೀ ಕೈ, ಅನ್ನದ ಸೌಟು ಹಿಡ್ಕಂಡಿರೋದು. ಎಲ್ಲಿ ನಿಂತ್ಕಂತಿದ್ಲು ಅವಳು? ಆಧಾರ್ ಕಾರ್ಡಿಂದು ಹಾಕಾಣ ಅಂದ ನಮ್ಮ ಅಳಿಯ. ಥೂ, ಅದ್ರಾಗೆ ಕಳ್ಳತನದಾಗೆ ಸಿಕ್ಕಿಬಿದ್ದೋಳಂಗೆ ಕಾಣ್ತಾಳೆ."

"ಐತೆ, ಕುಂತ್ಕಳ್ರಿ" ಅಂದರು ಸಾಹೇಬರು, ಮೊದಲೇ ಗೊತ್ತಿದ್ದವರಂತೆ. ಚಹಾ ತರಲು ಹೇಳಿ ಕಂಪ್ಯೂಟರಿನ ಮುಂದೆ ಕೂತರು. ಐದು ನಿಮಿಷವಾಯಿತು, ಹತ್ತಾಯಿತು. ಕಡೆಗೆ ಎದ್ದು ಮನೆಯೊಳಗೆ ಸನೋಬರ್ ಹತ್ತಿರ ಬಂದರು.

"ಬೇಟಿ, ಒಂದು ಫೋಲ್ಡರ್ ಬಂದಿಲ್ಲ."

"ಎಲ್ಲಾ ಬಂದಿದೆ ಅಬ್ಬಾ. ಮೂರು ಸಲ ಎಣಿಸಿದ್ದೀನಿ."

"ಅದು ಕಾಣಂಗಿರಲಿಲ್ಲ. ನಾನೇ ಮರೆ ಮಾಡಿದ್ದೆ."

ಆಗ ಹೊರಬಿತ್ತು. ಯಾವ ಮದುವೆಗೆ ಹೋದರೂ ದಿಲಾವರ್ ಸಾಹೇಬರು ಅಲ್ಲಿನ ಹಿರಿಯರನ್ನು ಒಬ್ಬೊಬ್ಬರನ್ನೇ ಏನೋ ನೆವ ಹೇಳಿ ಬೆಳಕಿರುವ ಕಡೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಫ್ಲಾಶ್ ನೋಡ್ಬೇಕು ಅಜ್ಜಿ, ಒಂಚೂರು ಕುಂತ್ಕ ಅನ್ನುತ್ತಿದ್ದರು. ಒಂಟಿ ಫೋಟೋ, ನೇರ ಮುಖ. ಅದನ್ನು ಆಲ್ಬಮ್ಮಿಗೂ ಹಾಕುತ್ತಿರಲಿಲ್ಲ, ಮನೆಯವರಿಗೂ ತೋರಿಸುತ್ತಿರಲಿಲ್ಲ. ಹಳ್ಳಿಯ ಮುದುಕರಿಗೆ ಒಂಟಿ ಫೋಟೋ ಬೇಕಾಗುವುದು ಒಂದೇ ದಿನ ಎಂದು ಅವರಿಗೆ ಗೊತ್ತಿತ್ತು. ಆ ದಿನಕ್ಕೆಂದೇ ಅವೆಲ್ಲವನ್ನೂ ಒಂದು ಫೋಲ್ಡರಿನಲ್ಲಿ ಕೂಡಿಟ್ಟು, ಲಕ್ಷ್ಮೀಕಾಂತನ ಕಣ್ಣಿಗೂ ಬೀಳದಂತೆ ಅಡಗಿಸಿದ್ದರು. ಸನೋಬರ್ ಕಣ್ಣಿಗೆ ಕಂಡದ್ದನ್ನಷ್ಟೇ ಆರಿಸಿದ್ದಳು. ಅಡಗಿದ್ದು ಹಳೆಯ ಡಿಸ್ಕಿನಲ್ಲೇ ಉಳಿದಿತ್ತು, ಹಳೆಯ ಡಿಸ್ಕು ಗುಜರಿಯಲ್ಲಿತ್ತು.

"ನಾಲ್ಕು ದಿನ! ನಾಲ್ಕು ದಿನ ನಿಮ್ಮ ಕಣ್ಣೆದುರಿಗೇ ಕೂತಿದ್ದೆನಲ್ಲ ಅಬ್ಬಾ, ಒಂದು ಮಾತು ಹೇಳ್ಬಾರ್ದಿತ್ತಾ?"

"ಹೆಂಗೆ ಹೇಳ್ಲಿ? ಬದುಕಿರೋರನ್ನ ಸಾಯ್ತಾರೆ ಅಂತ ಕೂಡಿಟ್ಟಿದೀನಿ ಅಂತಾನಾ? ಬಾಯಲ್ಲಿ ಆಡೋ ಮಾತಾ ಅದು? ನಿಮ್ಮತ್ತೆಗೂ ಹೇಳಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಬೀಬಿ ಜಾನ್ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

ಸನೋಬರ್‌ಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಲ್ಲವನ್ನೂ ನುಂಗಿಕೊಂಡು ಕೂರುವ ಈ ಮನೆಯ ಮೇಲೆ, ಮಾತು ಕೊಟ್ಟ ತನ್ನ ನಾಲಿಗೆಯ ಮೇಲೆ, ಬದುಕಿಡೀ ಎಲ್ಲರಿಗೂ ಅನ್ನ ಬಡಿಸುವವಳ ಮುಖಕ್ಕೆ ಒಂದು ನಿಮಿಷವನ್ನೂ ಬಿಡದ ಮದುವೆಗಳ ಮೇಲೆ. ಮಹೇಕ್‌ಳನ್ನು ಸೊಂಟಕ್ಕೇರಿಸಿಕೊಂಡು ಆಟೋ ಹಿಡಿದು ಹಿರಿಯೂರು ರಸ್ತೆಯ ಗುಜರಿಗೆ ಹೋದಳು.

ಗುಜರಿಯ ಮಂಜಣ್ಣ ತಕ್ಕಡಿಯ ಹಿಂದಿನಿಂದ ಏಳಲೂ ಇಲ್ಲ. "ಕೊಟ್ಟಿದ್ದು ಕೊಟ್ಟಾಯ್ತು ಕಣಮ್ಮ. ವಾಪಸ್ ಕೇಳಾಕೆ ಇದೇನು ಬಟ್ಟೆ ಅಂಗ್ಡಿನಾ?"

"ಮಶೀನು ನೀವೇ ಇಟ್ಕೊಳ್ಳಿ. ಒಳಗಿನ ಡಿಸ್ಕು ಬೇಕು ನನಗೆ."

"ಡಿಸ್ಕಾ? ಅದ್ರಾಗೇ ಅಲ್ವಾ ಅಲ್ಯುಮಿನಿಯಂ ಇರೋದು! ನಿಂಗಕ್ಕ ಬೆಳಗ್ಗಿಂದ ಒಡೀತಾ ಅವಳೆ."

ಶೆಡ್ಡಿನ ಮೂಲೆಯಲ್ಲಿ ನಿಂಗಕ್ಕ ಎಂಬ ಹೆಂಗಸು ಸುತ್ತಿಗೆ ಹಿಡಿದು ಕೂತಿದ್ದಳು. ಮುಂದೆ ಬಿರಿದ ಡಿಸ್ಕುಗಳ ರಾಶಿ. ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಮಣ್ಣಿನಲ್ಲಿ ಬಿದ್ದಿದ್ದವು. ಸನೋಬರ್ ಅತ್ತ ಓಡಿದಳು.

"ಅಕ್ಕಾ, ನಿಲ್ಸಿ! ಹೊಡೀಬೇಡಿ! ಅದರಲ್ಲಿ ಜನ ಇದ್ದಾರೆ!"

ನಿಂಗಕ್ಕ ಸುತ್ತಿಗೆ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ, ಈ ಹುಡುಗಿಗೆ ಬಿಸಿಲು ತಲೆಗೇರಿದೆಯೇ ಎಂಬಂತೆ ನೋಡಿದಳು. "ಜನನಾ? ಇದ್ರಾಗಾ?"

"ಫೋಟೋ ಅಕ್ಕಾ. ತೀರಿಹೋಗಿರೋರದ್ದು ಒಂದಿದೆ. ನಾಳೆ ಹಾಲು ತುಪ್ಪ. ಇನ್ನೆಲ್ಲೂ ಇಲ್ಲ ಅವರ ಮುಖ."

"ಅಯ್ಯೋ ನಿನ್ನ, ಮೊದ್ಲೇ ಅನ್ಬಾರ್ದಾ?" ನಿಂಗಕ್ಕ ಸುತ್ತಿಗೆ ಬಿಸಾಡಿ ಎದ್ದಳು. "ಏ ಮಂಜಣ್ಣ, ಸತ್ತೋರ ಮಕದ ಮ್ಯಾಲೆ ಸುತ್ತಿಗೆ ಹೊಡಿಸ್ತಿದ್ಯೇನೋ ನನ್ ಕೈಲಿ! ನಿನ್ ಕೂಲಿನೂ ಬ್ಯಾಡ, ನಿನ್ ಅಲ್ಯುಮಿನಿಯಮ್ಮೂ ಬ್ಯಾಡ!"

"ನಂಗೇನು ಗೊತ್ತು ಮಾರಾಯ್ತಿ" ಎಂದು ಮಂಜಣ್ಣ ಈಗ ಎದ್ದು ನಿಂತ.

ಮೂವರೂ ಸೇರಿ ರಾಶಿ ಕೆದಕಿದರು. ಸಾಹೇಬರು ನಾಲ್ಕು ಡಿಸ್ಕಿಗೂ ಬಿಳಿ ಚೀಟಿ ಅಂಟಿಸಿ ನಂಬರು ಬರೆದಿದ್ದರು; ಬೇಕಾದದ್ದು ಗಾತ್ರ ತಾಳೆಯಾಗದ ಆ ಮೂರನೆಯದು. ಒಂದು, ಎರಡು ಬಿರಿದು ಬಿದ್ದಿದ್ದವು. ನಾಲ್ಕರ ಮುಚ್ಚಳ ಹಾರಿತ್ತು. ಮೂರನೆಯದು ಸಿಕ್ಕಿದ್ದು ಇನ್ನೂ ಕೈಹಚ್ಚದ ಚೀಲದ ತಳದಲ್ಲಿ, ಒಂದು ಮುರಿದ ಮಿಕ್ಸಿಯ ಕೆಳಗೆ. ಮೂಲೆಯೊಂದು ಜಜ್ಜಿತ್ತು. ಸನೋಬರ್ ಅದನ್ನು ಮಹೇಕ್‌ಳ ಟವಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಮಂಜಣ್ಣ ದುಡ್ಡೇನೂ ಕೇಳಲಿಲ್ಲ. ಕೇಳಿದ್ದರೆ ಅವಳು ಅವತ್ತು ಏನನ್ನುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಮನೆಗೆ ಬಂದು ಫರಾಜ್ ಇಟ್ಟಿದ್ದ ಕೇಬಲ್ಲಿನಿಂದ ಡಿಸ್ಕನ್ನು ಪುಟ್ಟ ಕಂಪ್ಯೂಟರಿಗೆ ಸಿಕ್ಕಿಸಿದಳು. ಡಿಸ್ಕು ಒಂದೆರಡು ಸಲ ಟಿಕ್ ಟಿಕ್ ಅಂದು ತಿರುಗತೊಡಗಿತು. ಅಡಗಿದ್ದನ್ನೂ ತೋರಿಸು ಎಂಬ ಕಡೆ ಒತ್ತಿದಳು. ಮಸುಕು ಹಳದಿಯ ಫೋಲ್ಡರೊಂದು ಮೂಡಿತು. ಒಳಗೆ ಒಂಬೈನೂರಾ ಆರು ಮುಖಗಳು.

ಸಾಹೇಬರ ಬೆರಳು ನೇರ ಹೋಗಿ ಮಲ್ಲಕ್ಕನ ಮೇಲೆ ನಿಂತಿತು. ಕುರ್ಚಿಯ ತುದಿಯಲ್ಲಿ, ಇನ್ನೇನು ಏಳಬೇಕು ಎನ್ನುವಂತೆ ಕೂತ ಹೆಂಗಸು. ಹಣೆಯಲ್ಲಿ ಬೆವರು, ಕೈಯಲ್ಲಿ ಸೌಟಿಲ್ಲ. ಯಾರೋ ಏನೋ ಅಂದದ್ದಕ್ಕೆ ನಗು ತಡೆದುಕೊಂಡ ತುಟಿ.

ಸ್ಟುಡಿಯೋದಲ್ಲಿ ಗೋವಿಂದಯ್ಯ ಅದನ್ನು ಬಹಳ ಹೊತ್ತು ನೋಡಿದರು. "ಕುಂತಿದ್ಲಾ ಇವಳು? ಯಾವಾಗ ಕುಂತಿದ್ಲು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟವಲಿನಿಂದ ಮುಖ ಮುಚ್ಚಿಕೊಂಡರು.

ಅವರು ಹೋದ ಮೇಲೆ ಸನೋಬರ್ ಇಡೀ ಫೋಲ್ಡರನ್ನು ಹೊಸದಕ್ಕೆ ಎಳೆದು ಹಾಕಿ, ಕೊನೆಯ ಫೋಟೋ ಬರುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಒಂದೊಂದೇ ಮುಖ ದಾಟುತ್ತಿತ್ತು. ಒಂದು ಕಡೆ ಅವಳ ಕೈ ನಿಂತಿತು. ಅವಳದೇ ನಿಕಾಹ್‌ನ ದಿನ, ಹಸಿರು ಸೀರೆಯಲ್ಲಿ, ಅವಳ ಅಮ್ಮ.

"ಅಬ್ಬಾ! ನಮ್ಮ ಅಮ್ಮಿಗೆ ಇನ್ನೂ ಐವತ್ತೊಂದು! ಇದನ್ಯಾಕೆ ತೆಗೆದ್ರಿ? ನಮ್ಮಲ್ಲಿ ಗೋಡೆಗೂ ಹಾಕಲ್ಲ, ಹಾರನೂ ಹಾಕಲ್ಲ!"

"ಗೋಡೆಗೆ ಬ್ಯಾಡ ಬೇಟಿ. ಕಣ್ಣಿಗೆ ಬೇಕಾಗ್ತದೆ."

"ನನಗೆ ಬೇಡ. ಅಳಿಸ್ತೀನಿ."

"ಅಳಿಸ್ಬ್ಯಾಡ. ಇದ್ರಾಗಿರೋರೆಲ್ಲ ಬದುಕಿರೋರು." ಸಾಹೇಬರು ತಗ್ಗಿದ ದನಿಯಲ್ಲಿ ಅಂದರು. "ಹೋದೋರನ್ನ ನಾನು ಅವತ್ತೇ ಇದ್ರಿಂದ ತೆಗೆದು ಹೊರಗಿನ ಫೋಲ್ಡರಿಗೆ ಹಾಕ್ತೀನಿ. ಅಮ್ಮಿ ಇದ್ರಾಗೆ ಇದ್ದಷ್ಟು ದಿನ ಒಳ್ಳೇದೇ ಅಲ್ವಾ?"

ಸನೋಬರ್ ಅಳಿಸುವ ಗುಂಡಿಯಿಂದ ಬೆರಳು ತೆಗೆದಳು. ಸಿಟ್ಟು ಇಳಿದಿರಲಿಲ್ಲ. ಇಂಥದ್ದೊಂದನ್ನು ಒಬ್ಬರೇ ನಲವತ್ತು ವರ್ಷ ಹೊತ್ತುಕೊಂಡು, ಕೊನೆಗೆ ಅವಳ ಕೈಯಿಂದಲೇ ಗುಜರಿಗೆ ಹಾಕಿಸಿದ ಮನುಷ್ಯನ ಮೇಲೆ ಅಷ್ಟು ಸುಲಭಕ್ಕೆ ಸಿಟ್ಟು ಇಳಿಯುವುದಾದರೂ ಹೇಗೆ?

"ಇನ್ಮೇಲೆ ನನಗೆ ಗೊತ್ತಿಲ್ದೆ ಇದರಲ್ಲಿ ಏನೂ ಇಡೋ ಹಾಗಿಲ್ಲ" ಅಂದಳು. "ಯಾರನ್ನ ಸೇರಿಸಿದ್ರಿ, ಯಾರನ್ನ ತೆಗೆದ್ರಿ, ನನಗೂ ಹೇಳ್ಬೇಕು. ಬಾಯಿ ಬಿಟ್ಟು ಹೇಳ್ಬೇಕು."

ಸಾಹೇಬರು ಕುರ್ಚಿ ಎಳೆದು ಅವಳ ಪಕ್ಕ ಕೂತರು. ಆಮೇಲೆ, ಆ ಮನೆಯಲ್ಲಿ ಮೊದಲ ಬಾರಿಗೆ, ಬಾಯಿ ಬಿಟ್ಟು ಹೇಳಿದರು: "ಹಂಗಾರೆ ಮಲ್ಲಕ್ಕನ್ನ ತೆಗೆದು ಹೊರಗಿಡವ್ವ. ನನ್ ಕೈಲಿ ಇವತ್ತು ಆಗಲ್ಲ."

ಸನೋಬರ್ ಮಗುವನ್ನು ಎಡತೊಡೆಗೆ ಸರಿಸಿಕೊಂಡು, ಮಲ್ಲಕ್ಕನನ್ನು ಆರಿಸಿ, ಹೊರಗಿನ ಫೋಲ್ಡರಿಗೆ ಒಯ್ದು ಇಟ್ಟಳು. ಒಳಗೆ ಒಂಬೈನೂರಾ ಐದು ಉಳಿಯಿತು.